ಅಜ್ಜಿ ಎಂಬ ನಕ್ಷತ್ರಶೇಷ

ಬೆಳಗಿನ ಪಾಳಿಗೆ ಬಂದವರು ಮೊದಲು ಅಜ್ಜಿಯನ್ನು ಮಾತಾಡಿಸಬೇಕು, ಉಳಿದ ಕೆಲಸವೆಲ್ಲ ಆಮೇಲೆ ಎಂಬುದು ಗುಡ್ಡದ ಮೇಲಿನ ಆ ನಿಗಾ ಕೇಂದ್ರದ ಕಟ್ಟಳೆಯಾಗಿತ್ತು. ಚಹಾ ಕೂಡ ಆಮೇಲೆಯೇ.

ಅಜ್ಜಿ ಎಂದರೆ ಬೊಚ್ಚುಬಾಯಿಯ ಮುದುಕಿಯಲ್ಲ. ಪಕ್ಕದ ಗೆಲಾಕ್ಸಿಯೊಂದರಲ್ಲಿ ಯಾವುದೋ ಕಾಲದಲ್ಲಿ ಸಿಡಿದು ಸತ್ತ ನಕ್ಷತ್ರವೊಂದರ ಅವಶೇಷ. ಸಿಡಿದ ಚೂರುಗಳು ಇನ್ನೂ ಕೋಟಿ ಡಿಗ್ರಿಯ ಬಿಸಿಯಲ್ಲಿ ಬಳೆಯ ಆಕಾರದಲ್ಲಿ ಹರಡಿಕೊಂಡು ಕ್ಷ-ಕಿರಣ ಸೂಸುತ್ತಿದ್ದವು. ಆ ಬೆಳಕು ನಮ್ಮ ನಿಮ್ಮ ಆಯುಷ್ಯದಲ್ಲಿ ಕೂದಲೆಳೆಯಷ್ಟೂ ಬದಲಾಗುವುದಿಲ್ಲ ಎಂದು ಎಲ್ಲರೂ ಒಪ್ಪಿಕೊಂಡಿದ್ದರು. ಆದ್ದರಿಂದ, ಭೂಮಿಯನ್ನು ಸುತ್ತುತ್ತಿದ್ದ 'ಕಿರಣಿ' ಎಂಬ ದೂರದರ್ಶಕದ ಕಣ್ಣು ನೆಟ್ಟಗಿದೆಯೋ ಇಲ್ಲವೋ ಎಂದು ತಿಳಿಯಲು ದಿನಾ ಅದನ್ನು ಅಜ್ಜಿಯ ಕಡೆ ತಿರುಗಿಸುತ್ತಿದ್ದರು. ಅಜ್ಜಿ ಎಂದಿನಷ್ಟೇ ಬೆಳಗಿದರೆ ಕಣ್ಣು ಸರಿ. ಮಂಕಾಗಿ ಕಂಡರೆ ಕೆಟ್ಟದ್ದು ಅಜ್ಜಿಯಲ್ಲ, ಕಣ್ಣು. ದಿನಸಿ ಅಂಗಡಿಯವನು ತೂಕದ ಕಲ್ಲಿಟ್ಟು ತಕ್ಕಡಿ ಪರೀಕ್ಷಿಸುವಂತೆಯೇ ಇದು. ಪಾಳಿಯ ಇನಾಸ್ ಫರ್ನಾಂಡಿಸ್ ಪರದೆಯ ಮೇಲೆ ಬಂದ ಅಂಕಿಯನ್ನು ನೋಡಿ "ಅಜ್ಜಿ ಆರಾಮ" ಎಂದು ಒಳಕೋಣೆಗೆ ಕೇಳುವಂತೆ ಕೂಗುತ್ತಿದ್ದ. ಆಮೇಲೆ ಚಹಾ ಬರುತ್ತಿತ್ತು.

ಹಾಗೆ ನೋಡಿದರೆ ಕೇಂದ್ರ ಕಟ್ಟಿದ್ದು ಅಜ್ಜಿಗಾಗಿ ಅಲ್ಲ, ಹಗಲುಚುಕ್ಕಿಗಾಗಿ. ಅದು ಕಾಣಿಸಿಕೊಂಡ ವರ್ಷ ಜನ ಹುಚ್ಚೆದ್ದು ಕುಣಿದಿದ್ದರು. ನೂರು ಚಿಲ್ಲರೆ ಜ್ಯೋತಿರ್ವರ್ಷ ದೂರದ ನಕ್ಷತ್ರವೊಂದು ಸಿಡಿದು ನಡುಹಗಲಿನಲ್ಲೂ ಸೂಜಿಯ ಮೊನೆಯಂತೆ ಹೊಳೆಯತೊಡಗಿತ್ತು. ಮದುವೆ ಗಂಡು ಹೆಣ್ಣುಗಳು ಅದರ ಕೆಳಗೆ ನಿಂತು ಫೋಟೋ ತೆಗೆಸಿಕೊಂಡರು. ಜ್ಯೋತಿಷಿಗಳು ಎರಡೂ ಕೈಯಲ್ಲಿ ಬಾಚಿಕೊಂಡರು. ಕೆಲವು ತಿಂಗಳಲ್ಲಿ ಚುಕ್ಕಿ ಮಾಯವಾಯಿತು, ಜನ ಮರೆತರು. ಆದರೆ ಆ ನಕ್ಷತ್ರ ಸಾಯುವ ಮೊದಲೇ ತನ್ನ ಸುತ್ತ ಅನಿಲದ ದಪ್ಪ ಚಿಪ್ಪೊಂದನ್ನು ಬಿಟ್ಟುಕೊಂಡಿತ್ತು. ಸಿಡಿದ ಚೂರುಗಳು ಎರಡು ವರ್ಷದ ಮೇಲೆ ಹೋಗಿ ಆ ಚಿಪ್ಪಿಗೆ ಬಡಿದವು. ಆ ಬಡಿತದಿಂದ ಹೊರಟ ಕ್ಷ-ಕಿರಣ ಕಣ್ಣಿಗೆ ಕಾಣುವಂಥದ್ದಲ್ಲ, ನೆಲ ಮುಟ್ಟುವಂಥದ್ದೂ ಅಲ್ಲ. ಮೇಲಿನ ಗಾಳಿ ಅದನ್ನು ತಡೆಯಿತು. ತಡೆದ ತಪ್ಪಿಗೆ ಅಲ್ಲಿನ ಸಾರಜನಕವೆಲ್ಲ ಕದಡಿಹೋಗಿ ಓಝೋನ್ ಪದರವನ್ನು ತಿನ್ನತೊಡಗಿತು. ಹಗಲುಚುಕ್ಕಿ ಯಾರನ್ನೂ ಸುಡಲಿಲ್ಲ. ನಮ್ಮ ಸೂರ್ಯನೇ ಸುಡತೊಡಗಿದ.

ಮೊದಲ ವರ್ಷ ಯಾರಿಗೂ ಏನೂ ತಿಳಿಯಲಿಲ್ಲ. ಜನ ಚರ್ಮ ಸುಲಿದುಕೊಂಡು ಆಸ್ಪತ್ರೆ ತುಂಬಿದರು. ದನಗಳ ಕಣ್ಣಿಗೆ ಪೊರೆ ಬಂತು. ಅಳಿವೆಯಲ್ಲಿ ಸಿಗಡಿಯೇ ಇಲ್ಲವಾಯಿತು. ಆಮೇಲೆ ಬಂದದ್ದು ಬಿಸಿಲುಕಟ್ಟು. ಬೆಳಿಗ್ಗೆ ಬಿಸಿಲೇರಿದ ಮೇಲೆ ಸಂಜೆ ಇಳಿಯುವ ತನಕ ಯಾರೂ ಬಯಲಿಗೆ ಬರಕೂಡದು ಎಂದು ಸರಕಾರ ಆಜ್ಞೆ ಹೊರಡಿಸಿತು. ಮನುಷ್ಯ ಯಾವುದಕ್ಕಾದರೂ ಒಗ್ಗಿಕೊಳ್ಳುತ್ತಾನೆ, ಅದೇ ಅವನ ಗೆಲುವು, ಅದೇ ಅವನ ಗೋಳು. ಶಾಲೆಗಳು ನೆಲಮಾಳಿಗೆಗೆ ಇಳಿದವು. ಮದುವೆಗಳು ಗೋಧೂಳಿಗೆ ಸರಿದವು. ಹೆಣ್ಣು ನೋಡಲು ಹೋದವರು "ನಮ್ಮ ಹುಡುಗಿ ಬಿಸಿಲು ಕಂಡವಳೇ ಅಲ್ಲ" ಎಂಬ ಹೊಗಳಿಕೆ ಕೇಳಿ ತಲೆಯಾಡಿಸಿದರು. ಪ್ರತಿ ಪಂಚಾಯತಿಯ ಗೋಡೆಗೂ ಒಂದು ಬಿಸಿಲು ಮಾಪಕ ಬಂತು. ಅದರಲ್ಲಿ ಹಸಿರು, ಹಳದಿ, ಕೆಂಪು ದೀಪಗಳು. ಅಗ್ಗದ ಸಾಮಾನು, ವರ್ಷ ತುಂಬುವುದರೊಳಗೆ ಲೆಕ್ಕ ತಪ್ಪುತ್ತಿತ್ತು. ಅದಕ್ಕೇ ವರ್ಷಕ್ಕೊಮ್ಮೆ, ಕಿರಣಿ ಅಳೆದ ಕ್ಷ-ಕಿರಣದಿಂದ ನಿಗಾ ಕೇಂದ್ರ ಲೆಕ್ಕ ಹಾಕಿದ ಬಿಸಿಲಿನ ಅಂಕಿಗೆ ತಾಳೆ ನೋಡಿ ಸರಿಪಡಿಸುತ್ತಿದ್ದರು.

ಕೇಂದ್ರದ ಅಂಕಿಗಳು ಕಳೆದ ಮೂರು ವರ್ಷಗಳಿಂದ ಇಳಿಯುತ್ತ ಬಂದಿದ್ದವು. ಹಗಲುಚುಕ್ಕಿಯ ಕ್ಷ-ಕಿರಣ ಸೋಲುತ್ತಿದೆ, ಓಝೋನ್ ಚೇತರಿಸಿಕೊಳ್ಳುತ್ತಿದೆ ಎಂದು ವರದಿ ಹೋಯಿತು. ಸಂಕ್ರಾಂತಿ ಕಳೆದ ಮೇಲೆ ಬಿಸಿಲುಕಟ್ಟನ್ನು ತೆಗೆದುಹಾಕಿದರು. ಆ ದಿನ ಬೀದಿಯಲ್ಲಿ ಅಪರಿಚಿತರು ಅಪರಿಚಿತರನ್ನು ತಬ್ಬಿಕೊಂಡು ಅತ್ತದ್ದನ್ನು ಟಿ.ವಿ.ಯಲ್ಲಿ ತೋರಿಸಿದರು. ಮಾಪಕಗಳೆಲ್ಲ ಹಸಿರು ತೋರಿಸುತ್ತಿದ್ದವು.

ಈ ಅಂಕಿಗಳ ಹಿಂದೆ ಇದ್ದವಳು ಸುಗಂಧಾ ಆಗೇರ. ಕೇಂದ್ರದ ಅಳತೆ ವಿಭಾಗದ ವಿಜ್ಞಾನಿ. ನಿಯಮದಂತೆ ಕೆಲಸ ಮಾಡುವವಳು, ಮಾತು ಕಡಿಮೆ, ತಪ್ಪು ಇನ್ನೂ ಕಡಿಮೆ ಎಂಬ ಹೆಸರು. ಅವಳ ಮನೆ ಗುಡ್ಡದ ಬುಡದ ಕೆಳಬೈಲಿನಲ್ಲಿ, ಅಘನಾಶಿನಿ ಹೊಳೆ ಸಮುದ್ರ ಸೇರುವಲ್ಲಿ. ಗಂಡ ಹಮ್ಮಣ್ಣ ಅಲ್ಲಿನ ಉಪ್ಪಿನ ಆಗರದ ಮೇಸ್ತ್ರಿ.

ಆಗರವೆಂದರೆ ಬಿಸಿಲಿನ ದುಡಿಮೆ. ಹೊಳೆಯ ಉಪ್ಪುನೀರನ್ನು ಚೌಕ ಚೌಕ ಗದ್ದೆಗಳಿಗೆ ಬಿಟ್ಟು ಆರಿಸಬೇಕು. ಉಪ್ಪು ಕಟ್ಟುವ ಹೊತ್ತಿಗೆ ಗದ್ದೆಗಿಳಿದು ಹಲಗೆಯಿಂದ ಎಳೆಯುತ್ತಲೇ ಇರಬೇಕು, ಬಿಟ್ಟರೆ ಕಲ್ಲುಹಾಸಿನಂತೆ ಕೂತುಬಿಡುತ್ತದೆ. ಅದು ನಡುಮಧ್ಯಾಹ್ನದ ಕೆಲಸ. ಮೇಲೆ ಸೂರ್ಯ, ಕೆಳಗೆ ಕನ್ನಡಿಯಂಥ ಉಪ್ಪು, ಎರಡೂ ಕಡೆಯಿಂದ ಬೆಳಕು. ಬಿಸಿಲು ಸುಡತೊಡಗಿದ ಆ ಮೊದಲ ವರ್ಷ, ಯಾರಿಗೂ ಏನೂ ತಿಳಿಯದ ಕಾಲದಲ್ಲಿ, ಹಮ್ಮಣ್ಣನ ಎಡಗಣ್ಣು ಹೋಯಿತು. ಡಾಕ್ಟರು ಉಳಿದ ಬಲಗಣ್ಣನ್ನು ಪರೀಕ್ಷಿಸಿ, ಇದಕ್ಕೂ ಪೆಟ್ಟು ಬಿದ್ದಿದೆ, ಇನ್ನೊಂದು ಸುಗ್ಗಿ ಹೀಗೇ ಆದರೆ ಇದೂ ಉಳಿಯುವುದಿಲ್ಲ ಎಂದು ಸುಗಂಧಾಳನ್ನು ಹೊರಗೆ ಕರೆದು ಹೇಳಿದ್ದರು. ಬಿಸಿಲುಕಟ್ಟು ಬಂದದ್ದು ಅವಳಿಗೆ ವರವಾಗಿತ್ತು. ಆಗರ ಹಾಳುಬಿತ್ತು, ಗಂಡನ ಕಣ್ಣು ಉಳಿಯಿತು.

ಹಮ್ಮಣ್ಣನಿಗೆ ಆ ವರ್ಷಗಳು ಜೈಲು. ಮನೆಯೊಳಗೆ ಕೂತು ಬಲೆ ಹೆಣೆದ, ಅಡಿಗೆ ಕಲಿತ, ಕಿಟಕಿಯ ಕಪ್ಪು ಗಾಜಿನಿಂದ ಹಾಳು ಗದ್ದೆಗಳನ್ನು ನೋಡಿದ. ಜೊತೆಗೆ ದುಡಿದವರು ಊರು ಬಿಟ್ಟು ಹುಬ್ಬಳ್ಳಿಯ ನೆಲಮಾಳಿಗೆಗಳಲ್ಲಿ ದೀಪದ ಬೆಳಕಿಗೆ ತರಕಾರಿ ಬೆಳೆಯುವ ಕೂಲಿಗೆ ಹೋದರು. ಬಿಸಿಲುಕಟ್ಟು ತೆಗೆದ ಸುದ್ದಿ ಬಂದ ಸಂಜೆ ಅವನು ಕುಣಿಯಲಿಲ್ಲ. ಹೆಂಡತಿ ಗುಡ್ಡದಿಂದ ಇಳಿದು ಬರುವ ತನಕ ಜಗಲಿಯಲ್ಲಿ ಕಾದು ಕೂತಿದ್ದ.

"ಟಿ.ವಿ.ಯವ್ರು ಹೇಳೂದು ಬಿಡು," ಎಂದ. "ನೀ ಹೇಳು ಸುಗಂಧಿ. ಇಳೀಲಕ್ಕಾ?"

ಅವಳು ಮೂರು ವರ್ಷದ ಅಂಕಿಗಳನ್ನೆಲ್ಲ ಮನಸ್ಸಿನಲ್ಲೇ ಇನ್ನೊಮ್ಮೆ ನೋಡಿಕೊಂಡಳು. ಒಂದೂ ಕುಂದು ಕಾಣಲಿಲ್ಲ.

"ಇಳೀಬಹುದು," ಎಂದಳು.

ಮರುದಿನದಿಂದಲೇ ಅವನು ಹಳಬರನ್ನು ಹುಡುಕಿಕೊಂಡು ಹೊರಟ. ಫೋನು ಮಾಡಿದ, ಬಸ್ಸು ಹತ್ತಿ ಹುಬ್ಬಳ್ಳಿಗೂ ಹೋದ. ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆಯಂತೆ: ನಿನ್ನ ಹೆಂಡತಿ ಏನು ಹೇಳುತ್ತಾಳೆ? ಹಮ್ಮಣ್ಣ ಹೇಳಿದ, ಜನ ಬಂದರು. ಬದುಗಳಿಗೆ ಮಣ್ಣು ಕೊಟ್ಟರು, ತೂಬು ರಿಪೇರಿ ಮಾಡಿದರು, ಮಾಘದಲ್ಲಿ ಮೊದಲ ಉಪ್ಪು ಎಳೆದರು. ಸರಕಾರ ಕೊಟ್ಟಿದ್ದ ದಪ್ಪ ಕನ್ನಡಕಗಳನ್ನು ಹಾಕಿಕೊಂಡರೆ ಬೆವರಿನ ಹಬೆಗೆ ಉಪ್ಪಿನ ಪದರ ಕಾಣಿಸುವುದಿಲ್ಲವೆಂದು ತೆಗೆದು ಆಗರದ ಗುಡಿಸಲಿನ ಮಾಡಿಗೆ ಸಿಕ್ಕಿಸಿದರು. ಮೊದಲ ಬುಟ್ಟಿ ಉಪ್ಪನ್ನು ಹಮ್ಮಣ್ಣ ಮನೆಗೆ ತಂದು ಒಲೆಯ ಪಕ್ಕ ಇಟ್ಟಾಗ ಸುಗಂಧಾಳಿಗೆ ಕಣ್ಣು ತುಂಬಿ ಬಂತು. ಇಷ್ಟು ವರ್ಷ ಗುಡ್ಡದ ಮೇಲೆ ಕೂತು ಅಂಕಿ ಎಣಿಸಿದ್ದು ಸಾರ್ಥಕವಾಯಿತು ಎನ್ನಿಸಿತು.

ಒಂದು ತಿಂಗಳು ಕಳೆದಿರಬಹುದು. ಸಂಜೆ ಕೈಕಾಲು ತೊಳೆದು ಬಂದ ಹಮ್ಮಣ್ಣ ಕಣ್ಣಿನಲ್ಲಿ ಮರಳು ಬಿದ್ದ ಹಾಗಿದೆ ಎಂದ. ಅವಳು ದೀಪ ಹಿಡಿದು ನೋಡಿದಳು. ಬಿಳಿಗುಡ್ಡೆ ಕೆಂಪಾಗಿತ್ತು, ನೀರು ಒಸರುತ್ತಿತ್ತು. ಉಪ್ಪಿನ ಧೂಳು ಹೋಗಿದೆ, ಹೊಸದಾಗಿ ಕೆಲಸ ಶುರುವಲ್ಲವೇ, ಒಗ್ಗಿಕೊಳ್ಳುತ್ತದೆ ಎಂದು ಹೇಳಿ ತಣ್ಣೀರಿನ ಬಟ್ಟೆ ಇಟ್ಟಳು. ಪಂಚಾಯತಿ ಮಾಪಕ ಹಸಿರು ತೋರಿಸುತ್ತಿರುವಾಗ ಬೇರೆ ಏನಿದ್ದೀತು ಎಂಬ ಯೋಚನೆಯೇ ಅವಳಿಗೆ ಬರಲಿಲ್ಲ. ಅವನು ಆಮೇಲೆ ಆ ಮಾತು ಎತ್ತಲಿಲ್ಲ. ತನ್ನ ಕಣ್ಣಿಗಿಂತ ಅವಳ ಮಾತಿನ ಮೇಲೆ ಅವನಿಗೆ ನಂಬಿಕೆ ಹೆಚ್ಚು.

ಇತ್ತ ಕೇಂದ್ರದಲ್ಲಿ ಬಾಗಿಲು ಹಾಕುವ ತಯಾರಿ ನಡೆದಿತ್ತು. ಶತ್ರು ಸೋತ ಮೇಲೆ ಕಾವಲುಗಾರನಿಗೆ ಸಂಬಳ ಯಾಕೆ ಎಂದು ಸರಕಾರಕ್ಕೆ ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ನಿರ್ದೇಶಕಿ ಡಾಕ್ಟರ್ ಶಿವಲೀಲಾ ಹಂಚಿನಾಳ ಅವರು ಅದೇ ತಿಂಗಳು ನಿವೃತ್ತರಾಗುವವರು. ಧಾರವಾಡ ಕಡೆಯ ಗಟ್ಟಿ ಹೆಂಗಸು, ಅಜ್ಜಿಗೆ ಅಜ್ಜಿ ಎಂದು ಹೆಸರಿಟ್ಟವರೇ ಅವರು. ಬೀಳ್ಕೊಡುವಾಗ ಏನು ಕೊಡುವುದು ಎಂಬ ಚರ್ಚೆಯಾಗಿ, ಸೀರೆ ಬೇಡ, ಬೆಳ್ಳಿ ದೀಪ ಬೇಡ, ಅಜ್ಜಿಯದೇ ಒಂದು ದೊಡ್ಡ ಚಿತ್ರ ಮಾಡಿಸಿ ಚೌಕಟ್ಟು ಹಾಕಿಸಿ ಕೊಡೋಣ ಎಂದು ಇನಾಸ್ ಸೂಚಿಸಿದ. ಎಲ್ಲರಿಗೂ ಅದು ಮೆಚ್ಚುಗೆಯಾಯಿತು. ಚಿತ್ರ ಮಾಡುವ ಕೆಲಸ ಸುಗಂಧಾಳ ಪಾಲಿಗೆ ಬಂತು.

ಮಾಡಹೊರಟಾಗ ಒಂದು ವಿಚಿತ್ರ ಗೊತ್ತಾಯಿತು. ಕೇಂದ್ರದಲ್ಲಿ ಅಜ್ಜಿಯ ಒಂದೇ ಒಂದು ಚಿತ್ರ ಇರಲಿಲ್ಲ. ದಿನಾ ಅವಳ ಕಡೆ ತಿರುಗಿದ್ದರು, ದಿನಾ ಬೆಳಕಿನ ಒಟ್ಟು ಮೊತ್ತ ತೆಗೆದಿದ್ದರು, ಮೊತ್ತ ಸರಿಬಂದ ಕೂಡಲೇ ಮುಚ್ಚಿಟ್ಟಿದ್ದರು. ತೂಕದ ಕಲ್ಲಿನ ಅಂದ ಚಂದ ಯಾರು ನೋಡುತ್ತಾರೆ? ಸುಗಂಧಾ ಹಳೆಯ ದತ್ತಾಂಶವನ್ನೆಲ್ಲ ಹೊರಗೆ ತೆಗೆದು ವರ್ಷಕ್ಕೊಂದರಂತೆ ಚಿತ್ರ ಕಟ್ಟಿದಳು. ಯಾವುದು ಚೆನ್ನಾಗಿ ಬಂದಿದೆಯೋ ಅದನ್ನು ಆರಿಸೋಣ ಎಂದು ಪರದೆಯ ಮೇಲೆ ಸಾಲಾಗಿ ಇಟ್ಟಳು.

ಮೊದಲ ವರ್ಷದ್ದು ನಯವಾದ ಬಳೆ. ಎರಡನೆಯದೂ ಹಾಗೇ. ಆಮೇಲಿನ ಚಿತ್ರದಲ್ಲಿ ಬಳೆಯ ಕೆಳ ಅಂಚಿನಲ್ಲಿ ಸಾಸಿವೆಯಷ್ಟು ಹೊಳಪು ಕಾಣಿಸಿಕೊಂಡಿತ್ತು. ಮುಂದಿನದರಲ್ಲಿ ಅದು ಕಡಲೆಯಷ್ಟಾಗಿತ್ತು. ಈ ವರ್ಷದ ಚಿತ್ರದಲ್ಲಿ ಉಳಿದ ಬಳೆಯೆಲ್ಲ ಮಸುಕು, ಕೆಳಗಿನ ಆ ಗಂಟು ಮಾತ್ರ ಕಣ್ಣು ಕುಕ್ಕುವಂತೆ ಉರಿಯುತ್ತಿತ್ತು.

ಸುಗಂಧಾ ಕುರ್ಚಿಯಿಂದ ಎದ್ದು ನಿಂತಳು. ಏಕೆ ಎದ್ದೆನೆಂದು ತಿಳಿಯದೆ ಮತ್ತೆ ಕೂತಳು. ಅವಳಿಗೆ ಅರ್ಥವಾಗಿಬಿಟ್ಟಿತ್ತು, ಆದರೆ ಅರ್ಥವಾದದ್ದನ್ನು ಒಪ್ಪಿಕೊಳ್ಳಲು ಮೈ ಸಿದ್ಧವಿರಲಿಲ್ಲ. ಅಜ್ಜಿಯ ಹರಡುವ ಚೂರುಗಳು ದಾರಿಯಲ್ಲಿದ್ದ ಯಾವುದೋ ಅನಿಲದ ಮೋಡಕ್ಕೆ ಹೋಗಿ ಬಡಿದಿದ್ದವು. ಬಡಿದ ಕಡೆ ಹೊಸ ಬೆಳಕು ಹುಟ್ಟಿತ್ತು. ಅಂದರೆ ಅಜ್ಜಿ ಬದಲಾಗಿದ್ದಳು, ಬೆಳಕು ಹೆಚ್ಚಿಸಿಕೊಂಡಿದ್ದಳು. ಆದರೂ ಮೊತ್ತ ಮಾತ್ರ ಎಂದಿನಷ್ಟೇ ಬರುತ್ತಿತ್ತು. ಬೆಳಕು ಹೆಚ್ಚಾದರೂ ಮೊತ್ತ ಹೆಚ್ಚದಿದ್ದರೆ ಅದಕ್ಕೆ ಕಾರಣ ಒಂದೇ: ಕಿರಣಿಯ ಕಣ್ಣು ಅಷ್ಟೇ ಪ್ರಮಾಣದಲ್ಲಿ ಮಂಜಾಗಿದೆ. ಉಪಗ್ರಹದೊಳಗಿನ ಅಂಟು, ಬಣ್ಣಗಳಿಂದ ಏಳುವ ಆವಿ ಆ ಕಣ್ಣಿನ ಮುಂದಿನ ತಣ್ಣನೆಯ ಕಿಟಕಿಯ ಮೇಲೆ ಕೂತು ಪೊರೆ ಕಟ್ಟುವುದು ಹೊಸ ಸಂಗತಿಯೇನಲ್ಲ. ಅದನ್ನು ಹಿಡಿಯಲೆಂದೇ ಅಜ್ಜಿಯನ್ನು ಇಟ್ಟುಕೊಂಡದ್ದು. ಒಂದು ಕಡೆ ಪೊರೆ ಬೆಳೆಯಿತು, ಇನ್ನೊಂದು ಕಡೆ ಅಜ್ಜಿ ಬೆಳಗಿದಳು, ಒಂದು ಇನ್ನೊಂದನ್ನು ಮುಚ್ಚಿಹಾಕಿತು. ಪೊರೆ ಬಂದ ಕಣ್ಣಿನಲ್ಲಿ ಹಗಲುಚುಕ್ಕಿಯನ್ನು ನೋಡಿ, ಅದು ಸೋಲುತ್ತಿದೆ ಎಂದು ಇವರು ಡಂಗುರ ಹೊಡೆದಿದ್ದರು.

ಹಗಲುಚುಕ್ಕಿ ಸೋತಿರಲಿಲ್ಲ. ಮೂರು ವರ್ಷವೂ ಅದು ಮೊದಲಿನಂತೆಯೇ ಕ್ಷ-ಕಿರಣ ಸುರಿಸುತ್ತಿತ್ತು. ಓಝೋನ್ ಚೇತರಿಸಿಕೊಂಡಿರಲಿಲ್ಲ, ಇನ್ನಷ್ಟು ಸವೆದಿತ್ತು. ಊರೂರಿನ ಮಾಪಕಗಳೆಲ್ಲ ಹಸಿರು ತೋರಿಸಿದ್ದು ಅವುಗಳನ್ನು ಈ ಕೇಂದ್ರದ ಅಂಕಿಗೇ ತಿರುಗಿಸಿ ಇಟ್ಟಿದ್ದರಿಂದ. ಅವಳು ಕೆಳಬೈಲಿನ ಮಧ್ಯಾಹ್ನದ ನಿಜವಾದ ಅತಿನೇರಳೆ ಕಿರಣದ ಪ್ರಮಾಣವನ್ನು ಲೆಕ್ಕ ಹಾಕಿದಳು. ಉತ್ತರ ಕೆಂಪು ದೀಪವನ್ನೂ ದಾಟಿತ್ತು. ಉಪ್ಪಿನ ಗದ್ದೆಯೊಳಗೆ ನಿಂತವನಿಗೆ ಅದರ ಸುಮಾರು ಇಮ್ಮಡಿ.

ಕಣ್ಣಿನಲ್ಲಿ ಮರಳು ಬಿದ್ದ ಹಾಗೆ ಎಂದು ಅವನು ಹೇಳಿದ್ದು ಆಗ ನೆನಪಾಯಿತು. ಅತಿನೇರಳೆ ಕಿರಣಕ್ಕೆ ಕಣ್ಣು ಸುಟ್ಟವರೆಲ್ಲ ಆಡುವ ಮಾತೇ ಅದು. ಮೊದಲ ವರ್ಷ ಇಡೀ ಕರಾವಳಿ ಆಡಿದ ಮಾತು. ಅದು ಗೊತ್ತಿದ್ದೂ ಅವಳು ತಣ್ಣೀರು ಬಟ್ಟೆ ಇಟ್ಟಿದ್ದಳು. ಮೇಜಿನ ಅಂಚು ಹಿಡಿದುಕೊಂಡು ಅತ್ತಳು.

ನಿರ್ದೇಶಕಿ ಚಿತ್ರಗಳನ್ನು ಒಂದೊಂದಾಗಿ ನೋಡಿದರು. ಹೌದಾ, ಇರಲಿಕ್ಕಿಲ್ಲ, ಇನ್ನೊಮ್ಮೆ ಪರೀಕ್ಷಿಸು ಎಂದು ಒಂದು ಸಲವೂ ಹೇಳಲಿಲ್ಲ. ಅಷ್ಟರಮಟ್ಟಿಗೆ ಅವರು ನಿಜವಾದ ವಿಜ್ಞಾನಿ. ಕನ್ನಡಕ ತೆಗೆದು ಬಹಳ ಹೊತ್ತು ಸೆರಗಿನಿಂದ ಒರೆಸಿದರು.

"ದಿನಾ ಆಕಿ ಮಾರಿ ನೋಡಾಕತ್ತೇನಿ ಅಂತ ತಿಳಕೊಂಡಿದ್ದೆ," ಎಂದರು. "ಬರೇ ಆಕಿ ತೂಕಾ ನೋಡಿದ್ನಲ್ಲವಾ."

ಆಮೇಲೆ ರಾಜಧಾನಿಗೆ ಫೋನು ಹಚ್ಚಿದರು. ಸುಗಂಧಾ ಎದುರಿಗೇ ಕೂತಿದ್ದಳು. ಅತ್ತ ಕಡೆಯ ಅಧಿಕಾರಿ ಮೊದಲು ಕೇಳಿದ್ದು, ಬೇರೆ ದೇಶಗಳ ದೂರದರ್ಶಕಗಳು ಏನು ಹೇಳುತ್ತವೆ ಎಂದು. ಅವುಗಳ ಅಂಕಿಯೂ ನಮ್ಮಂತೆಯೇ ಇಳಿದಿದೆ ಎಂದು ನಿರ್ದೇಶಕಿ ಹೇಳಬೇಕಾಯಿತು. ಹಾಗಾದರೆ ನಿಮ್ಮೊಬ್ಬರದೇ ತಪ್ಪು ಹೇಗಾಗುತ್ತದೆ ಎಂದು ಅವರು ಕೇಳಿದರು. ಎಲ್ಲರ ಕಿಟಕಿಗೂ ಅದೇ ಅಂಟು, ಅದೇ ಬಣ್ಣದ ಪೊರೆ, ಎಲ್ಲರೂ ಕಣ್ಣು ಪರೀಕ್ಷಿಸುವುದು ಅದೇ ಅಜ್ಜಿಯಿಂದ, ಜಗತ್ತಿನ ದೂರದರ್ಶಕಗಳೆಲ್ಲ ಅವಳ ಮೊಮ್ಮಕ್ಕಳೇ ಎಂದು ಇವರು ವಿವರಿಸಿದರು. ಅಧಿಕಾರಿಗೆ ಅದು ನೆವದಂತೆ ಕೇಳಿಸಿತು. ಕೊನೆಗೆ ಅತ್ತಲಿಂದ ಬಂದ ಅಪ್ಪಣೆ ಇಷ್ಟು: ಸಮಿತಿ ಕೂರಲಿ, ಲೆಕ್ಕ ಮರುಪರಿಶೀಲನೆಯಾಗಲಿ, ಅಲ್ಲಿಯ ತನಕ ಒಂದು ಮಾತೂ ಹೊರಗೆ ಹೋಗಬಾರದು. ಕೇಂದ್ರದವರೆಲ್ಲ ಬಾಯಿ ಬಿಡುವುದಿಲ್ಲವೆಂದು ಇಂದೇ ಸಹಿ ಹಾಕಬೇಕು. ಮುಳುಗುತ್ತಿರುವ ದೋಣಿಯಲ್ಲಿ ಕೂತು ಸಭೆಯ ದಿನಾಂಕ ಗೊತ್ತುಮಾಡುವ ಜಾಣತನ ನಮ್ಮವರಿಗೆ ಎಂದೂ ಕಡಿಮೆಯಾಗಿಲ್ಲ.

ನಿರ್ದೇಶಕಿ ಕಾಗದ ತರಿಸಿ ಸಹಿ ಮಾಡಿದರು. ಪೆನ್ನಿನ ಮುಚ್ಚಳ ಹಾಕಿ ಕಿಟಕಿಯ ಕಡೆ ತಿರುಗಿ ಕೂತರು.

"ನನ್ನ ಸಹಿ ಆತು," ಎಂದರು. "ನಿನ್ನ ಕಡಿಂದ ಸಹಿ ತಗೋಬೇಕಂತ. ನನಗ ವಯಸ್ಸಾತು ಸುಗಂಧಾ, ಮರವು ಭಾಳ. ನೀ ಮನೀಗೆ ಹೋಗು."

ಸುಗಂಧಾ ಅವರ ಕಾಲು ಮುಟ್ಟಲು ಬಗ್ಗಿದಳು. ಅವರು ಬೇಡವೆಂದು ಕಾಲು ಹಿಂದೆಳೆದುಕೊಂಡರು.

ಸ್ಕೂಟರು ಗುಡ್ಡ ಇಳಿಯುವಾಗ ಬಿಸಿಲು ನೆತ್ತಿಗೆ ಬಂದಿತ್ತು. ಎಷ್ಟು ಚೆಂದದ ಬಿಸಿಲು, ಯಾರಾದರೂ ಮೋಸಹೋಗುವಂಥದ್ದು. ಶಾಲೆಯ ಬಯಲಿನಲ್ಲಿ ಮಕ್ಕಳು ಬರಿ ತಲೆಯಲ್ಲಿ ಓಡುತ್ತಿದ್ದವು. ಅವಳು ಗಾಡಿ ನಿಲ್ಲಿಸಿ ಮಾಸ್ತರರಿಗೆ ಮಕ್ಕಳನ್ನು ಒಳಗೆ ಕರೆಯಿರಿ ಎಂದಳು. ಮಾಸ್ತರರು ನಗುತ್ತ ಎದುರಿನ ಪಂಚಾಯತಿ ಗೋಡೆಯ ಹಸಿರು ದೀಪ ತೋರಿಸಿದರು. ಅದು ಸುಳ್ಳು ಎಂದಳು. ಅವರ ನಗು ಹೋಯಿತು, ಆದರೆ ಮಕ್ಕಳನ್ನು ಕರೆಯಲಿಲ್ಲ. ಸರಕಾರದಿಂದ ಆದೇಶ ಬಂದಿದೆಯೇ ಎಂದು ಕೇಳಿದರು. ಸುಗಂಧಾ ಆಗರದ ಕಡೆ ಗಾಡಿ ತಿರುಗಿಸಿದಳು.

ಗದ್ದೆಗಳು ಹೊಳೆಯುತ್ತಿದ್ದವು. ಕಪ್ಪು ಕನ್ನಡಕ ಹಾಕಿದ್ದರೂ ಅವಳಿಗೆ ಕಣ್ಣು ಬಿಡಲಾಗಲಿಲ್ಲ. ಹೆಂಗಸರು, ಗಂಡಸರು ಸಾಲಾಗಿ ನಿಂತು ಹಲಗೆ ಎಳೆಯುತ್ತಿದ್ದರು. ಹಮ್ಮಣ್ಣ ಬದುವಿನ ಮೇಲೆ ನಿಂತಿದ್ದ. ಅವಳು ಬಂದದ್ದು ಅವನಿಗೆ ಗೊತ್ತಾಗಲಿಲ್ಲ. ಹತ್ತಿರ ಹೋಗಿ ಕೈ ಹಿಡಿದಾಗ ಬೆಚ್ಚಿ ತಿರುಗಿದ.

ಅವಳು ಎಲ್ಲವನ್ನೂ ಹೇಳಿದಳು. ಅಜ್ಜಿ, ಪೊರೆ, ಮಾಪಕ, ರಾಜಧಾನಿಯ ಅಪ್ಪಣೆ. ಯಾವುದನ್ನೂ ಮೆತ್ತಗೆ ಮಾಡಲಿಲ್ಲ. ಕೊನೆಗೆ, ನಾನು ಅಂದು ಇಳಿಯಬಹುದು ಎಂದದ್ದು ತಪ್ಪು, ನಿಮ್ಮ ಕಣ್ಣಿನ ಬಗ್ಗೆ ಹೇಳಿದ್ದೂ ತಪ್ಪು ಎಂದಳು. ಹಮ್ಮಣ್ಣ ಬಯ್ಯುತ್ತಾನೆ ಎಂದು ಕಾದಳು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವನು ಗದ್ದೆಯ ಕಡೆ ತಿರುಗಿ, ಎಲ್ಲರೂ ಮೇಲೆ ಬನ್ನಿ, ಕೆಲಸ ಬಿಡಿ ಎಂದು ಕೂಗಿದ.

ಜನ ಬದುವಿನ ಬುಡಕ್ಕೆ ಬಂದು ನಿಂತರು. ಸುಗಂಧಾ ಮತ್ತೊಮ್ಮೆ, ಇನ್ನೂ ಸರಳವಾಗಿ ಹೇಳಿದಳು. ಅವರು ಕೇಳಿದರು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೊಮ್ಮಿ ಎಂಬವಳು, ಹುಬ್ಬಳ್ಳಿಯ ಕೆಲಸ ಬಿಟ್ಟು ಗಂಡ ಮಕ್ಕಳನ್ನು ಕಟ್ಟಿಕೊಂಡು ಬಂದವಳು, ಸೊಂಟಕ್ಕೆ ಕೈಯಿಟ್ಟು ನಿಂತಳು.

"ಅಂದು ಬನ್ನಿ ಅಂದದ್ದೂ ನೀವೇ, ಇಂದು ಹೋಗಿ ಅಂಬುದೂ ನೀವೇ," ಎಂದಳು. "ಯಾವ್ದು ಖರೆ ಅಂತ ನಾವು ತಿಳ್ಕಂಬೂದು ಹ್ಯಾಗೆ ಅಕ್ಕೋರೆ? ದೀಪ ಹಸ್ರೇ ಅದೆ."

ಒಬ್ಬರ ಕಣ್ಣೂ ಉರಿಯುತ್ತಿಲ್ಲವೇ ಎಂದು ಸುಗಂಧಾ ಕೇಳಿದಳು. ಉರಿಯುತ್ತದೆ, ಉಪ್ಪಿನ ಕೆಲಸದಲ್ಲಿ ಯಾರಿಗೆ ಉರಿಯುವುದಿಲ್ಲ ಎಂದರು. ಉಪ್ಪು ಕಟ್ಟಿದೆ, ಈಗ ಬಿಟ್ಟರೆ ಇಡೀ ಗದ್ದೆ ಕಲ್ಲಾಗುತ್ತದೆ, ಸಂಜೆ ಮಾತಾಡೋಣ ಎಂದು ಒಬ್ಬೊಬ್ಬರೇ ತಿರುಗಿ ಹೋದರು. ಸಿಟ್ಟಿನಿಂದ ಹೋಗಲಿಲ್ಲ, ಬೇಸರದಿಂದ ಹೋದರು. ನಂಬಿ ಒಮ್ಮೆ ಊರು ಬಿಟ್ಟು, ನಂಬಿ ಇನ್ನೊಮ್ಮೆ ಊರಿಗೆ ಬಂದವರಿಗೆ ಮೂರನೆಯ ಸಲ ನಂಬುವ ಶಕ್ತಿ ಉಳಿದಿರಲಿಲ್ಲ.

ನೀವಾದರೂ ಮನೆಗೆ ಬನ್ನಿ ಎಂದು ಸುಗಂಧಾ ಗಂಡನ ತೋಳು ಹಿಡಿದಳು. ಅವನು ಮೆಲ್ಲಗೆ ಬಿಡಿಸಿಕೊಂಡ.

"ಅವ್ರನ್ನ ಇಳಿಸಿದ್ದು ನಾನು," ಎಂದ. "ಅವ್ರು ಹತ್ತಿದ ಮೇಲೆ ನಾ ಬತ್ತೆ."

ಅವಳು ಕನ್ನಡಕ ಕಳಚಿ ಅವನಿಗೆ ಕೊಡಹೋದಳು. ಆ ಹೊತ್ತಿಗೆ ಅವನು ಹೊರಟಿದ್ದ. ಬದುವಿನ ಮೇಲೆ ನಾಲ್ಕು ಹೆಜ್ಜೆ ಸರಿಯಾಗಿಯೇ ಹೋದ. ತೂಬಿನ ಹತ್ತಿರ ಬದು ಎಡಕ್ಕೆ ತಿರುಗುತ್ತದೆ. ಹಮ್ಮಣ್ಣ ತಿರುಗಲಿಲ್ಲ. ನೇರವಾಗಿ ಕಾಲಿಟ್ಟು ಗದ್ದೆಯೊಳಗೆ ಮೊಣಕಾಲೂರಿ ಬಿದ್ದ.

ಹಲಗೆಗಳ ಸದ್ದು ನಿಂತಿತು. ಅವನು ಬೇಗ ಏಳಲು ನೋಡಿದ, ಜಾರಿತು ಎಂಬಂತೆ ನಕ್ಕ. ಆದರೆ ಅವನ ಕೈಗಳು ಉಪ್ಪಿನ ಮೇಲೆ ಆಚೀಚೆ ಸವರುತ್ತ ಬದುವನ್ನು ಹುಡುಕುತ್ತಿದ್ದವು. ಬದು ಅವನ ಬೆನ್ನ ಹಿಂದೆ ಇತ್ತು. ಬೊಮ್ಮಿ ಹಲಗೆ ಬಿಟ್ಟು ಅವನ ಹತ್ತಿರ ಬಂದು ನಿಂತಳು.

"ಹಮ್ಮಣ್ಣಾ," ಎಂದಳು. "ನಾ ಯಾರು ಅಂತ ಕಾಣ್ತದಾ ನಿಂಗೆ?"

"ದನಿ ಕೇಳಿದ್ರೆ ಗೊತ್ತಾಗೂದಿಲ್ವಾ, ಬೊಮ್ಮಿ," ಎಂದು ಅವನು ಅವಳು ನಿಂತಿದ್ದ ಕಡೆಗಿಂತ ಸ್ವಲ್ಪ ಆಚೆಗೆ ಮುಖ ಮಾಡಿ ಹೇಳಿದ.

ಮುದುಕನೊಬ್ಬ ಹಲಗೆಯನ್ನು ಅಲ್ಲಿಯೇ ಉಪ್ಪಿನ ಮೇಲೆ ಇಟ್ಟ. ಅವನ ಪಕ್ಕದವನೂ ಇಟ್ಟ. ಹೆಂಗಸರು ಸೆರಗನ್ನು ಹಣೆಯ ಕೆಳಗಿನ ತನಕ ಎಳೆದುಕೊಂಡು ಬದು ಹತ್ತಿದರು. ಅಂಕಿ ಹೇಳಿದ್ದನ್ನು ಕೇಳದವರು ಆ ಒಂದು ಬೀಳುವಿಕೆಯನ್ನು ಕಂಡು ಕೇಳಿದರು. ಸುಗಂಧಾಳ ಪಕ್ಕದಿಂದಲೇ ಸಾಲಾಗಿ ದಾಟಿಹೋದರು, ಒಬ್ಬರೂ ಅವಳ ಮುಖ ನೋಡಲಿಲ್ಲ. ಮಾಡಿನಲ್ಲಿ ಸಿಕ್ಕಿಸಿದ್ದ ಕನ್ನಡಕಗಳನ್ನು ಒಬ್ಬೊಬ್ಬರಾಗಿ ತೆಗೆದುಕೊಂಡರು.

ಅವಳು ಚಪ್ಪಲಿ ಸಮೇತ ಗದ್ದೆಗಿಳಿದಳು. ಬೊಮ್ಮಿ ಹಮ್ಮಣ್ಣನ ಕೈಯನ್ನು ಅವಳ ಕೈಗೆ ಕೊಟ್ಟು ಹೋದಳು. ಯಾವಾಗಿನಿಂದ ಹೀಗೆ ಎಂದು ಸುಗಂಧಾ ಕೇಳಿದಳು. ವಾರವಾಯಿತೋ ಏನೋ, ಮೊದಲು ಮಬ್ಬಾಗಿತ್ತು, ಎರಡು ದಿನದಿಂದ ಬೆಳಕೊಂದು ಬಿಟ್ಟು ಬೇರೆ ಏನೂ ಇಲ್ಲ ಎಂದ. ಹೇಳಲಿಲ್ಲ ಯಾಕೆ ಎಂದು ಅವಳು ಅತ್ತಳು. ನೀನು ಹೆದರುತ್ತಿದ್ದೆ ಎಂದ. ಅವಳು ತನ್ನ ಸೆರಗಿನಿಂದ ಅವನ ಮುಖವನ್ನು ಪೂರ್ತಿ ಮುಚ್ಚಿದಳು. ಇನ್ನು ಮುಚ್ಚಿ ಏನು ಫಲ ಎಂದು ಗೊತ್ತಿದ್ದೂ ಮುಚ್ಚಿದಳು.

"ಎಲ್ಲಾ ಹತ್ತಿದ್ರಾ?" ಎಂದು ಅವನು ಸೆರಗಿನೊಳಗಿನಿಂದ ಕೇಳಿದ.

ಸುಗಂಧಾ ಸುತ್ತ ನೋಡಿದಳು. ಉಪ್ಪಿನ ಮೇಲೆ ಹಲಗೆಗಳು ಬಿದ್ದಿದ್ದವು, ಗದ್ದೆಗಳಲ್ಲಿ ಯಾರೂ ಇರಲಿಲ್ಲ. ಹತ್ತಿದರು ಎಂದಳು.

ಅವಳ ಮಾತನ್ನು ನಂಬಿ ಅವನು ಹೆಜ್ಜೆ ಎತ್ತಿದ.